ಮಗು ನಮ್ಮದು, ಆದರೆ ನಮ್ಮ ಸ್ವತ್ತಲ್ಲ

ನಮ್ಮ ಮನೆಯಲ್ಲಿ ಎಮ್ಮೆ ಇದೆ. ಮೇವು ಹಾಕುತ್ತೇವೆ. ಹಾಲು ಕರೆಯುತ್ತೇವೆ. ಕಷ್ಟ ಬಂದರೆ ಸಂತೆಗೆ ಹೊಡೆದು ಮಾರುತ್ತೇವೆ. ಎಮ್ಮೆ ನಮ್ಮ ಸ್ವತ್ತು.

ನಮ್ಮ ಮನೆಯಲ್ಲಿ ಮಗುವೂ ಇದೆ. ಹೆತ್ತವರು ನಾವು. ಜ್ವರ ಬಂದಾಗ ರಾತ್ರಿಯೆಲ್ಲಾ ಎಚ್ಚರ ಕೂತವರು ನಾವು. ಹಾಗಾದರೆ ಮಗುವೂ ನಮ್ಮ ಸ್ವತ್ತೇ?

"ನನ್ನ ಮಗ, ನಾನು ಹೊಡಿತೀನಿ. ಕೇಳೋಕೆ ನೀನ್ಯಾರು?"

"ನನ್ನ ಮಗಳು, ಯಾವಾಗ ಬೇಕಾದ್ರೂ ಮದುವೆ ಮಾಡ್ತೀನಿ."

ಇಂಥ ಮಾತು ನಾವೆಲ್ಲ ಕೇಳಿದ್ದೇವೆ. ಇದಕ್ಕೆ ಕಾನೂನು ಏನು ಹೇಳುತ್ತದೆ? ಅಕ್ಕಂದಿರೇ, ಓದಿ ತಿಳಿಯೋಣ.

ಅಧಿಕಾರ ಇದೆ, ಎಲ್ಲೆಯೂ ಇದೆ

ತಂದೆತಾಯಿಗೆ ಮಕ್ಕಳ ಮೇಲೆ ಅಧಿಕಾರ ಇದೆ. ಯಾವ ಶಾಲೆಗೆ ಸೇರಿಸಬೇಕು, ಯಾವ ಆಸ್ಪತ್ರೆಗೆ ತೋರಿಸಬೇಕು, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರಬೇಕು, ಇವನ್ನು ಹಿರಿಯರೇ ಹೇಳಬೇಕು. ತಪ್ಪು ಮಾಡಿದರೆ ತಿದ್ದಬೇಕು. ಇದಕ್ಕೆ ಕಾನೂನು ಅಡ್ಡ ಬರುವುದಿಲ್ಲ.

ಆದರೆ ಈ ಅಧಿಕಾರ ಇರುವುದು ಮಗುವಿನ ಒಳ್ಳೆಯದಕ್ಕೆ. ಹೊಲಕ್ಕೆ ಬದು ಇರುವ ಹಾಗೆ ಇದಕ್ಕೂ ಎಲ್ಲೆ ಇದೆ.

1989ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಾಡಿತು. 1992ರಲ್ಲಿ ಭಾರತ ಅದನ್ನು ಒಪ್ಪಿತು. ಬದುಕುವ ಹಕ್ಕು, ಬೆಳೆಯುವ ಹಕ್ಕು, ರಕ್ಷಣೆಯ ಹಕ್ಕು, ತನ್ನ ಮಾತು ಹೇಳುವ ಹಕ್ಕು, ಇವು ಅದರಲ್ಲಿವೆ. 18 ವರ್ಷ ತುಂಬದ ಎಲ್ಲರಿಗೂ ಈ ಹಕ್ಕುಗಳಿವೆ. ಹೆಣ್ಣಿಗೂ ಇವೆ, ಗಂಡಿಗೂ ಇವೆ.

ಈಗ ನಾಲ್ಕು ಎಲ್ಲೆಗಳನ್ನು ನೋಡೋಣ.

ಒಂದು: ಶಾಲೆ

6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು. ಈ ಕಾಯ್ದೆ 2009ರಲ್ಲಿ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸರ್ಕಾರಿ ಶಾಲೆಯಲ್ಲಿ ಫೀಜು ಇಲ್ಲ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ. "ತಮ್ಮನನ್ನು ನೋಡಿಕೊಳ್ಳಲಿ" ಎಂದು ಮಗಳನ್ನು ಶಾಲೆ ಬಿಡಿಸುವ ಹಾಗಿಲ್ಲ.

ಎರಡು: ದುಡಿಮೆ

14 ವರ್ಷ ತುಂಬದ ಮಗುವನ್ನು ಕೂಲಿಗೆ ಕಳಿಸುವ ಹಾಗಿಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯವರಿಗೆ ಕೈ ನೆರವು ಕೊಡಬಹುದು. ಅದು ಅಪಾಯದ ಕೆಲಸ ಆಗಿರಬಾರದು. 14ರಿಂದ 18 ವರ್ಷದವರನ್ನೂ ಗಣಿಯಂಥ ಅಪಾಯದ ಕೆಲಸಕ್ಕೆ ಹಚ್ಚಬಾರದು. ಮಗುವನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ. ಎರಡನ್ನೂ ಒಟ್ಟಿಗೆ ಹಾಕಬಹುದು.

ಸಾಲ ತಂದು ಮಗನನ್ನು ಕುರಿ ಕಾಯಲು ಬಿಡುವುದು ಜೀತ. 1976ರ ಕಾಯ್ದೆಯಿಂದ ಜೀತ ರದ್ದಾಗಿದೆ. ಜೀತದ ಸಾಲವೂ ರದ್ದು. ತೀರಿಸಬೇಕಾಗಿಲ್ಲ.

ಮೂರು: ಮದುವೆ

ಹುಡುಗಿಗೆ 18 ವರ್ಷ, ಹುಡುಗನಿಗೆ 21 ವರ್ಷ ತುಂಬಿರಬೇಕು. ಈ ಕಾನೂನು ನಿನ್ನೆ ಮೊನ್ನೆಯದಲ್ಲ. 1894ರಲ್ಲೇ ಮೈಸೂರು ಸಂಸ್ಥಾನ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು ತಡೆಯಿತು. 1929ರಲ್ಲಿ ಶಾರದಾ ಕಾಯ್ದೆ ಬಂತು. ಅದರಲ್ಲಿ ಹುಡುಗಿಗೆ 14 ವರ್ಷ ಇತ್ತು. 1978ರಲ್ಲಿ ಅದು 18 ಆಯಿತು. ಈಗ ಇರುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ.

ಕರ್ನಾಟಕ ಈ ಕಾಯ್ದೆಯನ್ನು ಇನ್ನೂ ಬಿಗಿ ಮಾಡಿದೆ. 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಇಲ್ಲಿ ನಡೆದ ಬಾಲ್ಯವಿವಾಹ ಮದುವೆಯೇ ಅಲ್ಲ. ತಾಳಿ ಕಟ್ಟಿದರೂ, ಊಟ ಹಾಕಿದರೂ, ಕಾನೂನಿನ ಲೆಕ್ಕದಲ್ಲಿ ಅದು ಅಸಿಂಧು. ಮಾಡಿಸಿದವರಿಗೆ 1ರಿಂದ 2 ವರ್ಷ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ತಂದೆಯಷ್ಟೇ ಅಲ್ಲ, ಪುರೋಹಿತರು, ಮುಂದೆ ನಿಂತ ನೆಂಟರು, ವಯಸ್ಸಾದ ಮದುವೆ ಗಂಡು, ಎಲ್ಲರೂ ತಪ್ಪಿತಸ್ಥರು. ಹೆಂಗಸರಿಗೆ ಈ ಕಾಯ್ದೆಯಲ್ಲಿ ಜೈಲು ಇಲ್ಲ. ದಂಡ ಬೀಳಬಹುದು.

ಗಂಡನೇ ಆದರೂ, 18 ತುಂಬದ ಹೆಂಡತಿಯ ಜೊತೆ ದೈಹಿಕ ಸಂಬಂಧ ಮಾಡಿದರೆ ಅದು ಅತ್ಯಾಚಾರ. 2017ರಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿದೆ.

"ಹುಡುಗಿ ದೊಡ್ಡವಳಾದಳು. ಮನೇಲಿ ಇಟ್ಕೊಂಡ್ರೆ ಊರು ಏನನ್ನುತ್ತೆ?" ಎಂದು ಅತ್ತೆ ಕೇಳುತ್ತಾರೆ. "ವರದಕ್ಷಿಣೆ ಇಲ್ದೆ ಒಪ್ಪಿದಾರೆ, ಈಗ್ಲೇ ಮುಗಿಸೋಣ" ಎನ್ನುತ್ತಾರೆ ಮಾವ. ಬಡತನ ನಿಜ, ಊರ ಬಾಯಿಯೂ ನಿಜ. ಆದರೆ ಹೆರಿಗೆಯ ನೋವು ತಿನ್ನುವವಳು ಊರಲ್ಲ, ನಮ್ಮ ಮಗಳು. ಬೆಳೆಯದ ಮೈಗೆ ಬಸಿರು ಬಂದರೆ ತಾಯಿಗೂ ಅಪಾಯ, ಕೂಸಿಗೂ ಅಪಾಯ.

ನಾಲ್ಕು: ಏಟು

ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವ ಹಾಗಿಲ್ಲ. ಮೇಷ್ಟ್ರಾದ ನಮಗೂ ಕೋಲು ಹಿಡಿಯುವ ಹಕ್ಕಿಲ್ಲ. ಮನೆಯಲ್ಲಿ? ಬರೆ ಹಾಕುವುದು, ಕಟ್ಟಿಹಾಕಿ ಹೊಡೆಯುವುದು, ಉಪವಾಸ ಕೆಡವುವುದು, ಇವು ಕ್ರೌರ್ಯ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ದಂಡ, ಇಲ್ಲವೇ ಎರಡೂ. ಹೊಡೆದವರು ಹೆತ್ತವರೇ ಆದರೂ ಬಿಡುವುದಿಲ್ಲ. ಏಟಿನಿಂದ ಹುಟ್ಟುವುದು ಭಯ. ತಿಳಿಹೇಳಿದರೆ ಬುದ್ಧಿ ಬರುತ್ತದೆ.

"ನನ್ನ ಮಾತು ಯಾರು ಕೇಳ್ತಾರೆ?"

"ಮೇಷ್ಟ್ರೇ, ಇದೆಲ್ಲ ಸರಿ. ಆದ್ರೆ ಮನೇಲಿ ಯಜಮಾನ್ರು ಹೇಳಿದ್ದೇ ಆಗೋದು. ನಾನು ಬರೀ ತಾಯಿ" ಎಂದು ಎಷ್ಟೋ ಅಕ್ಕಂದಿರು ಹೇಳುತ್ತಾರೆ.

ಬರೀ ತಾಯಿ ಅಲ್ಲ ಅಕ್ಕ. ಹಿಂದೂ ಕುಟುಂಬಗಳಿಗೆ 1956ರ ಪೋಷಕತ್ವ ಕಾಯ್ದೆ ಇದೆ. ಅದರಲ್ಲಿ ತಂದೆ ಪೋಷಕ, "ಅವನ ನಂತರ" ತಾಯಿ ಎಂದು ಬರೆದಿತ್ತು. ಗೀತಾ ಹರಿಹರನ್ ಎಂಬ ಲೇಖಕಿ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1999ರಲ್ಲಿ ತೀರ್ಪು ಬಂತು. ತಂದೆ ಸತ್ತ ಮೇಲೆ ಮಾತ್ರ ಎಂದು ಅರ್ಥ ಮಾಡಬಾರದು. ತಂದೆ ಮಗುವನ್ನು ನೋಡಿಕೊಳ್ಳದೆ ಇದ್ದರೆ, ಅವನು ಬದುಕಿರುವಾಗಲೂ ತಾಯಿ ಪೋಷಕಳಾಗಬಹುದು ಎಂದು ಕೋರ್ಟು ಹೇಳಿತು. ಅದೇ ಕಾಯ್ದೆಯ ಪ್ರಕಾರ, ಮಗುವಿನ ಹೆಸರಿನಲ್ಲಿರುವ ಜಮೀನನ್ನು ಕೋರ್ಟಿನ ಅನುಮತಿ ಇಲ್ಲದೆ ತಂದೆಯೂ ಮಾರುವ ಹಾಗಿಲ್ಲ. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಮಗುವಿನ ಹಿತ.

ಯಾರಿಗೆ ಹೇಳಬೇಕು?

1098 ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ. ಫೋನಿಗೆ ದುಡ್ಡಿಲ್ಲ. ತಾಯಿ ಮಾಡಬಹುದು. ಪಕ್ಕದ ಮನೆಯವರು ಮಾಡಬಹುದು. ಮಗುವೇ ಮಾಡಬಹುದು. ನಮ್ಮ ಹೆಸರು ಗುಟ್ಟಾಗಿಡಿ ಎಂದು ಕೇಳಬಹುದು. ಅಂಗನವಾಡಿ ಕಾರ್ಯಕರ್ತೆಗೆ, ಶಾಲೆಯ ಮೇಷ್ಟ್ರಿಗೆ, ಪೊಲೀಸರಿಗೂ ಹೇಳಬಹುದು. ಪ್ರತಿ ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇದೆ. ಮದುವೆಗೆ ಮೊದಲೇ ತಿಳಿಸಿದರೆ ಕೋರ್ಟು ತಡೆಯಾಜ್ಞೆ ಕೊಡುತ್ತದೆ. ತಾಳಿ ಕಟ್ಟಿದ ಮೇಲೆ ಹೇಳುವುದಕ್ಕಿಂತ ಚಪ್ಪರ ಹಾಕುವ ಮೊದಲು ಹೇಳುವುದು ಲೇಸು.

ಹೊಸ ಪದಗಳು
ಪೋಷಕ – ಮಗುವಿನ ಹೊಣೆ ಹೊತ್ತವರು
ಅಸಿಂಧು – ಕಾನೂನಿನಲ್ಲಿ ನಿಲ್ಲದ್ದು
ತಡೆಯಾಜ್ಞೆ – ನಿಲ್ಲಿಸಿ ಎಂಬ ಕೋರ್ಟಿನ ಆದೇಶ

ಬಿಟ್ಟ ಜಾಗ ತುಂಬಿ
1. ಹುಡುಗಿಯ ಮದುವೆಗೆ ____ ವರ್ಷ ತುಂಬಿರಬೇಕು.
2. ಮಕ್ಕಳ ಸಹಾಯವಾಣಿಯ ನಂಬರು ____.
3. ____ ವರ್ಷ ತುಂಬದ ಮಗುವನ್ನು ಕೂಲಿಗೆ ಕಳಿಸಬಾರದು.

ಮಾತಾಡೋಣ
ನಮ್ಮ ಊರಲ್ಲಿ ಶಾಲೆ ಬಿಟ್ಟ ಮಕ್ಕಳು ಎಷ್ಟು ಮಂದಿ? ಯಾಕೆ ಬಿಟ್ಟರು? ಅವರಲ್ಲಿ ಒಬ್ಬರನ್ನಾದರೂ ಮತ್ತೆ ಶಾಲೆಗೆ ಕಳಿಸಲು ಈ ವಾರ ನಾವು ಏನು ಮಾಡಬಹುದು?