ಪ್ರಾಣವಾಯುವಿನಲ್ಲಿರುವ ಅಪಾಯ

ಅಪಾಯಕಾರಿ ವಸ್ತು ಎಂದೊಡನೆ ಜನಸಾಮಾನ್ಯರ ನೆನಪಿಗೆ ಬರುವುದು 1984ರಲ್ಲಿ ಭೋಪಾಲದಲ್ಲಿ ಸೋರಿದ ವಿಷಾನಿಲ. ಆ ದುರಂತದ ತರುವಾಯವೇ ದೇಶದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯೂ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ ಹಾಗೂ ಸಂಗ್ರಹಣೆಯ ನಿಯಮಗಳೂ ಜಾರಿಗೆ ಬಂದವು. ಆದರೆ 2021ರ ಏಪ್ರಿಲ್ 21ರಂದು ಮಹಾರಾಷ್ಟ್ರದ ನಾಸಿಕ್ ನಗರದಲ್ಲಿ ಸೋರಿದ್ದು ವಿಷಾನಿಲವಲ್ಲ, ಆಮ್ಲಜನಕ.

ಕೋವಿಡ್ ರೋಗಿಗಳಿಂದ ತುಂಬಿದ್ದ ಅಲ್ಲಿನ ಡಾ. ಜಾಕಿರ್ ಹುಸೇನ್ ಆಸ್ಪತ್ರೆಯ ಆವರಣದಲ್ಲಿ ದ್ರವ ಆಮ್ಲಜನಕದ ತೊಟ್ಟಿಯೊಂದಿತ್ತು. ಟ್ಯಾಂಕರಿನಿಂದ ಅದನ್ನು ತುಂಬುವ ಸಂದರ್ಭದಲ್ಲಿ ಸೋರಿಕೆ ಉಂಟಾಗಿ ಆವರಣವೆಲ್ಲ ಬಿಳಿಯ ಮಂಜಿನಿಂದ ಮುಚ್ಚಿತು. ಹೊರಗಿದ್ದವರಿಗೆ ಭಯ ಹುಟ್ಟಿಸಿದ್ದು ಆ ಮಂಜು. ಪ್ರಾಣ ತೆಗೆದದ್ದು ಮಂಜಲ್ಲ. ಒಳಗಿನ ಕೊಳವೆಗಳಲ್ಲಿ ಒತ್ತಡ ಕುಸಿದು ರೋಗಿಗಳಿಗೆ ಆಮ್ಲಜನಕ ತಲಪದೆ ಹೋದದ್ದು. ಅಂದು 22 ಮಂದಿ ಅಸುನೀಗಿದರು.

ಆಮ್ಲಜನಕವನ್ನು ಶೂನ್ಯಕ್ಕಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ತಣಿಸಿದಾಗ ಅದು ತಿಳಿನೀಲಿ ದ್ರವವಾಗುತ್ತದೆ. ಒಂದು ಲೀಟರ್ ದ್ರವವು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 860 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ದೊಡ್ಡ ಸಿಲಿಂಡರೊಂದರಲ್ಲಿರುವ 7,000 ಲೀಟರ್ ಅನಿಲವು ಎಂಟೊಂಬತ್ತು ಲೀಟರ್ ದ್ರವದಲ್ಲಿ ಅಡಗಬಲ್ಲದು. ನೂರಾರು ಸಿಲಿಂಡರುಗಳನ್ನು ಹೊತ್ತು ಬದಲಾಯಿಸುವ ಶ್ರಮವನ್ನು ಒಂದೇ ತೊಟ್ಟಿ ತಪ್ಪಿಸುತ್ತದೆ ಎಂಬುದು ಸಣ್ಣ ಅನುಕೂಲವಲ್ಲ. ಆದರೆ ಇಡೀ ಆಸ್ಪತ್ರೆಯ ಉಸಿರು ಒಂದೇ ತೊಟ್ಟಿಗೆ, ಅದರ ಒಂದು ಕವಾಟಕ್ಕೆ ಗಂಟುಬೀಳುವುದೂ ಆ ಅನುಕೂಲದ ಜೊತೆಗೇ ಬರುತ್ತದೆ. ಆದ್ದರಿಂದಲೇ ತೊಟ್ಟಿಯ ಜೊತೆಗೆ, ಒತ್ತಡ ಇಳಿದ ಕೂಡಲೇ ತಾನಾಗಿ ಪೂರೈಕೆ ಆರಂಭಿಸುವ ಸಿಲಿಂಡರುಗಳ ಮೀಸಲು ಸಾಲೊಂದು ಸದಾ ಸಿದ್ಧವಾಗಿರಬೇಕು.

ಬಿಳಿಯ ಮಂಜೆಂದರೆ ಆಮ್ಲಜನಕವಲ್ಲ. ಅತಿಶೈತ್ಯದಿಂದ ಹನಿಗಟ್ಟಿದ ಗಾಳಿಯ ತೇವಾಂಶ. ಹಾಗೆಂದು ಅದರೊಳಗೆ ನಡೆಯುವುದು ಕ್ಷೇಮವಲ್ಲ. ಆಮ್ಲಜನಕ ತಾನು ಉರಿಯುವುದಿಲ್ಲ, ಉಳಿದುದನ್ನು ಉರಿಸುತ್ತದೆ. ಗಾಳಿಯಲ್ಲಿ ಸುಮಾರು 21ರಷ್ಟಿರುವ ಅದರ ಶೇಕಡಾ ಪ್ರಮಾಣ ಕೊಂಚ ಏರಿದರೂ ಬಟ್ಟೆ, ಕೂದಲು ಥಟ್ಟನೆ ಹೊತ್ತಿಕೊಳ್ಳಬಲ್ಲವು. ಸೋರಿಕೆಯ ಸ್ಥಳದಿಂದ ಬಂದವರ ಉಡುಪಿನಲ್ಲಿ ಅನಿಲ ಉಳಿದಿರುವುದರಿಂದ, ಕನಿಷ್ಠ ಹದಿನೈದು ನಿಮಿಷ ಬಯಲಿನಲ್ಲಿದ್ದು ಬೆಂಕಿಯಿಂದ ದೂರವಿರಬೇಕು. ಮನೆಯಲ್ಲಿ ರೋಗಿಗಾಗಿ ಸಿಲಿಂಡರ್ ಇಟ್ಟುಕೊಂಡವರು ಅದರ ಕವಾಟ ಬಿಗಿಯಾಯಿತೆಂದು ಎಣ್ಣೆ ಹಚ್ಚಕೂಡದು. ಉಳಿದೆಡೆ ಸಲ್ಲುವ ಈ ವಾಡಿಕೆ ಇಲ್ಲಿ ಬೆಂಕಿಗೆ ಕಾರಣವಾಗುತ್ತದೆ. ದೇವರ ದೀಪವೂ ಅದೇ ಕೋಣೆಯಲ್ಲಿ ಬೇಡ.

ಪರಿಚಿತ ವಸ್ತುವಿನ ಬಗೆಗಿನ ಈ ಸಲಿಗೆ ಆಮ್ಲಜನಕಕ್ಕೆ ಮಾತ್ರ ಸೀಮಿತವಲ್ಲ. ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ 2023ರ ಡಿಸೆಂಬರ್ 31ರ ನಸುಕಿನಲ್ಲಿ ಹೊತ್ತಿ ಉರಿದದ್ದು ರಾಸಾಯನಿಕ ಸ್ಥಾವರವಲ್ಲ, ಕೈಗವಸು ತಯಾರಿಸುವ ಕಾರ್ಖಾನೆ. ಒಳಗೇ ಮಲಗಿದ್ದ ಆರು ಮಂದಿ ಕಾರ್ಮಿಕರು ಹೊರಬರಲಾಗದೆ ಮಡಿದರು.