ತೆರವಾದ ನೆಲ, ತೆರವಾಗದ ಆಳ: ಕಹೊಲಾವೆ ದ್ವೀಪದ ನಿದರ್ಶನ

ಪಾಠದ ಉದ್ದೇಶ: ಸಾರ್ವಜನಿಕ ಜಮೀನನ್ನು ಒಂದು ಕಾರ್ಯಕ್ಕೆ ಬಿಟ್ಟುಕೊಡುವಾಗ, ಅದು ಯಾವ ಸ್ಥಿತಿಯಲ್ಲಿ ಮರಳಿ ಬರಬೇಕೆಂಬುದನ್ನು ಮೊದಲೇ ಬರವಣಿಗೆಯಲ್ಲಿ ಗೊತ್ತುಪಡಿಸುವುದರ ಮಹತ್ವವನ್ನು ಸದಸ್ಯರು ಒಂದು ನೈಜ ನಿದರ್ಶನದ ಮೂಲಕ ಅರಿಯುವುದು.

1. ಹಿನ್ನೆಲೆ

ಶಾಂತ ಮಹಾಸಾಗರದಲ್ಲಿರುವ ಹವಾಯಿಯ ಎಂಟು ಮುಖ್ಯ ದ್ವೀಪಗಳ ಪೈಕಿ ಕಹೊಲಾವೆ ಅತಿ ಚಿಕ್ಕದು. ಇದರ ವಿಸ್ತೀರ್ಣ ಸುಮಾರು 28,800 ಎಕರೆ. ನೆರೆಯ ಮಾವಿ ದ್ವೀಪದ ಎತ್ತರದ ಪರ್ವತದ ಮಳೆನೆರಳಿನಲ್ಲಿರುವುದರಿಂದ ಇಲ್ಲಿ ಮಳೆ ಕಡಿಮೆ. ಹವಾಯಿಯ ಮೂಲನಿವಾಸಿಗಳು ಇದನ್ನು ಪವಿತ್ರ ನೆಲವೆಂದು ಭಾವಿಸುತ್ತಾರೆ. ಐನೂರಕ್ಕೂ ಹೆಚ್ಚು ಪುರಾತತ್ತ್ವ ನೆಲೆಗಳು ಇಲ್ಲಿ ಗುರುತಿಸಲ್ಪಟ್ಟಿವೆ. 19ನೆಯ ಶತಮಾನದಲ್ಲಿ ಆರಂಭವಾದ ಕುರಿ, ಮೇಕೆ, ದನಗಳ ಮಿತಿಮೀರಿದ ಮೇಯಿಸುವಿಕೆಯಿಂದ ಹಸಿರು ಹೊದಿಕೆ ನಾಶವಾಗಿ ಮೇಲ್ಮಣ್ಣು ಸಮುದ್ರದ ಪಾಲಾಗತೊಡಗಿತು.

1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದ ತರುವಾಯ ಅಮೆರಿಕದ ಸೇನೆಯು ದ್ವೀಪವನ್ನು ಬಾಂಬ್ ಹಾಗೂ ಫಿರಂಗಿ ಅಭ್ಯಾಸಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದರೂ ಅಭ್ಯಾಸ ನಿಲ್ಲಲಿಲ್ಲ. 1965ರಲ್ಲಿ ಯುದ್ಧನೌಕೆಗಳ ತಾಳಿಕೆಯನ್ನು ಪರೀಕ್ಷಿಸಲು ದ್ವೀಪದ ದಡದಲ್ಲಿ ತಲಾ 500 ಟನ್ ಸಿಡಿಮದ್ದನ್ನು ಮೂರು ಬಾರಿ ಸ್ಫೋಟಿಸಲಾಯಿತು. ಆಗ ಉಂಟಾದ ಕುಳಿಯು ಇಂದು ಉಪ್ಪುನೀರಿನ ಕೊಳವಾಗಿ ಉಳಿದಿದೆ.

2. ಬರವಣಿಗೆಯಲ್ಲಿದ್ದ ಷರತ್ತು

1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರ ಆದೇಶದ ಮೂಲಕ ದ್ವೀಪವು ನೌಕಾಪಡೆಯ ವಶಕ್ಕೆ ಬಂದಿತು. ಸದರಿ ಆದೇಶದಲ್ಲಿ ಒಂದು ಷರತ್ತು ಸೇರಿತ್ತು: ಅಗತ್ಯ ತೀರಿದ ಬಳಿಕ ನೌಕಾಪಡೆಯು ನೆಲವನ್ನು ಮನುಷ್ಯವಾಸಕ್ಕೆ ಸಾಕಷ್ಟು ಸುರಕ್ಷಿತವಾಗುವಂತೆ ಮಾಡಬೇಕು, ಅದರ ವೆಚ್ಚವು ಹವಾಯಿಯ ಮೇಲೆ ಬೀಳಕೂಡದು.

ಆದರೆ ಷರತ್ತು ತಾನಾಗಿಯೇ ಜಾರಿಗೆ ಬರಲಿಲ್ಲ. 1976ರ ಜನವರಿಯಲ್ಲಿ ಒಂಬತ್ತು ಮಂದಿ ನಿಷೇಧವನ್ನು ಮೀರಿ ದ್ವೀಪದಲ್ಲಿ ಇಳಿದರು. ಅದೇ ವರ್ಷ ಹೋರಾಟಗಾರರು ನ್ಯಾಯಾಲಯದ ಮೊರೆ ಹೋದರು. 1977ರಲ್ಲಿ ಹೋರಾಟದ ಮುಂಚೂಣಿಯಲ್ಲಿದ್ದ ಜಾರ್ಜ್ ಹೆಲ್ಮ್ ಮತ್ತು ಕಿಮೊ ಮಿಚೆಲ್ ದ್ವೀಪದ ಸಮೀಪದ ಸಮುದ್ರದಲ್ಲಿ ಕಣ್ಮರೆಯಾದರು. 1980ರ ಒಪ್ಪಂದ ತೀರ್ಪಿನಿಂದ ಜನರಿಗೆ ಸೀಮಿತ ಪ್ರವೇಶ ದೊರೆಯಿತು. 1990ರಲ್ಲಿ ಬಾಂಬ್ ಅಭ್ಯಾಸ ನಿಂತಿತು. 1994ರ ಮೇ 7ರಂದು ದ್ವೀಪದ ಒಡೆತನ ಹವಾಯಿ ರಾಜ್ಯಕ್ಕೆ ಮರಳಿತು.

3. ತೆರವು ಕಾರ್ಯ ಮತ್ತು ಅದರ ಮಿತಿ

ತೆರವು ಹಾಗೂ ಪುನಶ್ಚೇತನಕ್ಕಾಗಿ ಅಮೆರಿಕದ ಸಂಸತ್ತು 1993ರಲ್ಲಿ 40 ಕೋಟಿ ಡಾಲರ್ ಅನುದಾನಕ್ಕೆ ಹತ್ತು ವರ್ಷಗಳ ಅವಧಿಯನ್ನು ಗೊತ್ತುಪಡಿಸಿತು. ಕೆಲಸಗಾರರು ನೆಲವನ್ನು ಚೌಕಗಳಾಗಿ ವಿಂಗಡಿಸಿ, ಮೇಲ್ಮೈಯಲ್ಲಿ ಕಂಡ ಮದ್ದುಗುಂಡುಗಳನ್ನು ತೆಗೆದು, ಆಯ್ದ ಕಡೆಗಳಲ್ಲಿ ಲೋಹಶೋಧಕದ ನೆರವಿನಿಂದ ನಾಲ್ಕು ಅಡಿ ಆಳದವರೆಗೆ ಶೋಧಿಸಿದರು. ಇಡೀ ದ್ವೀಪದ ಮೇಲ್ಮೈಯನ್ನೂ ಸುಮಾರು ಶೇಕಡ 30ರಷ್ಟು ಭಾಗದ ಆಳವನ್ನೂ ತೆರವುಗೊಳಿಸುವುದು ಆರಂಭದ ಗುರಿಯಾಗಿತ್ತು.

2004ರಲ್ಲಿ ನೌಕಾಪಡೆ ಹಿಂದಿರುಗಿದಾಗ ಸುಮಾರು ಶೇಕಡ 75ರಷ್ಟು ಮೇಲ್ಮೈ ಮಾತ್ರ ತೆರವಾಗಿತ್ತು. ನಾಲ್ಕು ಅಡಿ ಆಳದವರೆಗೆ ತೆರವಾದದ್ದು ಸುಮಾರು ಶೇಕಡ 10. ಉಳಿದ ಕಾಲುಭಾಗದಷ್ಟು ನೆಲವನ್ನು ಮುಟ್ಟಲಾಗಿರಲಿಲ್ಲ. ಅವಧಿಯೂ ಹಣವೂ ಮುಗಿದವು, ಮದ್ದುಗುಂಡುಗಳು ಉಳಿದವು.

ಆದ್ದರಿಂದ ಆಳಕ್ಕೆ ತಕ್ಕಂತೆ ನೆಲದ ಬಳಕೆ ನಿರ್ಧಾರವಾಗುತ್ತದೆ. ಮೇಲ್ಮೈ ಮಾತ್ರ ತೆರವಾದಲ್ಲಿ ನಡೆಯಬಹುದು, ಅಗೆಯುವಂತಿಲ್ಲ. ಅಂತಹ ಕಡೆ ನೆಲದ ಮೇಲೆಯೇ ಒಣಹುಲ್ಲು ಹಾಗೂ ಮಣ್ಣಿನ ದಿಬ್ಬ ಮಾಡಿ ಸ್ಥಳೀಯ ಜಾತಿಯ ಗಿಡಗಳನ್ನು ನೆಡುವ ವಿಧಾನ ರೂಢಿಗೆ ಬಂದಿದೆ. ಮಣ್ಣು ಕೊಚ್ಚಿಹೋದಂತೆ ಹೂತಿದ್ದ ಗುಂಡುಗಳು ಹೊರಬೀಳುವುದೂ ಉಂಟು. 2020ರ ಫೆಬ್ರವರಿಯಲ್ಲಿ ಕಾಳ್ಗಿಚ್ಚು ದ್ವೀಪದ ಸುಮಾರು ಮೂರನೆಯ ಒಂದು ಭಾಗವನ್ನು ಸುಟ್ಟಾಗ, ಇದೇ ಅಪಾಯದಿಂದ ಅಗ್ನಿಶಾಮಕ ಸಿಬ್ಬಂದಿ ನೆಲದ ಮೇಲೆ ನಿಂತು ಬೆಂಕಿ ನಂದಿಸಲಾಗಲಿಲ್ಲ.

ಇಂದು ದ್ವೀಪವು ರಾಜ್ಯದ ಸಂರಕ್ಷಿತ ಪ್ರದೇಶವಾಗಿದ್ದು, ವಾಣಿಜ್ಯ ಬಳಕೆಯನ್ನು ಕಾನೂನು ನಿಷೇಧಿಸಿದೆ. ಸ್ವಯಂಸೇವಕರು ಸುರಕ್ಷತಾ ತಿಳಿವಳಿಕೆ ಪಡೆದು, ಮಾರ್ಗದರ್ಶಕರೊಂದಿಗೆ ಮಾತ್ರ ಒಳಹೋಗುತ್ತಾರೆ.

4. ಸದಸ್ಯರು ಗಮನಿಸಬೇಕಾದ ಅಂಶಗಳು

ಅ) 1953ರ ಒಂದು ವಾಕ್ಯ ಇಲ್ಲದಿದ್ದರೆ ಬೇಡಿಕೆಗೆ ಆಧಾರವೇ ದುರ್ಬಲವಾಗುತ್ತಿತ್ತು. ಆದರೆ "ಸಾಕಷ್ಟು ಸುರಕ್ಷಿತ" ಎಂಬ ಮಾತಿಗೆ ಅಳತೆ ಇರಲಿಲ್ಲ. ಗೋಮಾಳವಾಗಲಿ, ಕೆರೆಯಂಗಳವಾಗಲಿ, ಕಲ್ಲುಗಣಿಯ ಜಾಗವಾಗಲಿ, ಮರಳಿಸಬೇಕಾದ ಸ್ಥಿತಿಯನ್ನು ಆಳ, ವಿಸ್ತೀರ್ಣ ಮತ್ತು ಕಾಲಮಿತಿಯೊಂದಿಗೆ ನಡಾವಳಿಯಲ್ಲಿ ದಾಖಲಿಸುವುದು ಲೇಸು.

ಆ) ಹಣದ ಅವಧಿಯೂ ಕೆಲಸದ ಅವಧಿಯೂ ಒಂದೇ ಅಲ್ಲ. ಹಣ ತೀರಿದ ನಂತರ ಉಳಿಯುವ ಕೆಲಸದ ಹೊಣೆ ಯಾರದೆಂಬುದು ಮೊದಲೇ ಇತ್ಯರ್ಥವಾಗಬೇಕು.

ಇ) "ಕೆಲಸ ಪೂರ್ಣಗೊಂಡಿದೆ" ಎಂಬ ವರದಿಯನ್ನು ಅಂಗೀಕರಿಸುವ ಮುನ್ನ ಎಷ್ಟು ನೆಲ, ಎಷ್ಟು ಆಳ, ಯಾವ ಬಳಕೆಗೆ ಎಂಬ ಮೂರು ಪ್ರಶ್ನೆಗಳಿಗೆ ನಕ್ಷೆಸಹಿತ ಉತ್ತರ ಪಡೆಯತಕ್ಕದ್ದು.

ಈ) ಗ್ರಾಮದಲ್ಲಿ ಶಂಕಾಸ್ಪದ ಗುಂಡು ಅಥವಾ ಗಣಿಯಲ್ಲಿ ಸಿಡಿಯದೆ ಉಳಿದ ಮದ್ದು ಕಂಡುಬಂದಲ್ಲಿ ಯಾರೂ ಮುಟ್ಟಬಾರದು, ಅಲುಗಿಸಬಾರದು. ಜನರನ್ನೂ ದನಕರುಗಳನ್ನೂ ದೂರವಿರಿಸಿ, ಕೂಡಲೇ ಪೊಲೀಸರಿಗೆ ತಿಳಿಸಬೇಕು.

5. ಚರ್ಚೆಗೆ ಪ್ರಶ್ನೆಗಳು

1) ತಮ್ಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ತಾತ್ಕಾಲಿಕ ಬಳಕೆಗೆ ಕೊಟ್ಟ ಸಾರ್ವಜನಿಕ ಜಮೀನುಗಳು ಯಾವುವು? ಮರಳಿಸುವ ಷರತ್ತು ದಾಖಲೆಯಲ್ಲಿದೆಯೇ?

2) ಷರತ್ತು ಪಾಲನೆಯಾಗಿದೆಯೆಂದು ಸ್ಥಳ ಪರಿಶೀಲಿಸಿ ದೃಢೀಕರಿಸುವವರು ಯಾರು?

3) ಅಪೂರ್ಣ ಕೆಲಸದ ವಿವರವನ್ನು ಗ್ರಾಮಸಭೆಯ ಮುಂದೆ ಇಡುವ ಕ್ರಮವಿದೆಯೇ?