ಕೊಳೆ ಎಂದೇ ಬರೆಯಿರಿ

ಮೊಬೈಲಿನಲ್ಲಿ ಕನ್ನಡ ಬರೆಯಲು ಬರುವುದಿಲ್ಲವೆಂದು ಮಾತ್ರ ನನ್ನ ಹತ್ತಿರ ಹೇಳಬೇಡಿ. ಸೊಸೈಟಿಯ ಅರ್ಜಿ, ಮನೆಯ ಲೆಕ್ಕದ ಪುಸ್ತಕ, ಮಗಳಿಗೆ ಹಾಕುತ್ತಿದ್ದ ಕಾಗದ, ಎಲ್ಲ ಕನ್ನಡದಲ್ಲೇ ಬರೆದ ಕೈ ನಿಮ್ಮದು. ಅದೇ ಕೈಗೆ ಫೋನು ಸಿಕ್ಕಿದ ಕೂಡಲೇ ಇಂಗ್ಲಿಷ್ ಅಕ್ಷರ ಯಾಕೆ ಬೇಕು?

ಕೆದಂಬಾಡಿಯ ನೆಂಟರೊಬ್ಬರು ಆಟಿಯ ಮಳೆಯಲ್ಲಿ ಬೆಂಗಳೂರಿನ ಮಗನಿಗೆ ಒಂದು ಮೆಸೇಜು ಹಾಕಿದರು: ತೋಟದಲ್ಲಿ ಕೊಳೆ, ಬೇಗ ಬಾ. ಬರೆದದ್ದು ಕೆ, ಒ, ಎಲ್, ಇ ಎಂದು. ಪೇಟೆಯಲ್ಲಿ ಬೆಳೆದ ಸೊಸೆ ಅದನ್ನು ಓದಿದ್ದು ಕೊಲೆ ಎಂದು. ಆ ಹುಡುಗಿಯ ಕೈಕಾಲು ನಡುಗಿದ್ದನ್ನು ನೆನೆದರೆ ನನಗೆ ಈಗಲೂ ಪಾಪ ಅನಿಸುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲು ಮಳೆ ಕೊಟ್ಟ ಬಿಡುವು ಎರಡೇ ದಿನ. ಅದರಲ್ಲಿ ಅರ್ಧ ದಿನ ಸಮಾಧಾನ ಮಾಡುವುದಕ್ಕೇ ಹೋಯಿತು. ಲ ಮತ್ತು ಳ ಇಂಗ್ಲಿಷಿನಲ್ಲಿ ಒಂದೇ ಅಕ್ಷರವಾಗಿಬಿಡುತ್ತವೆ. ಅನ್ನವೂ ಅಣ್ಣನೂ ಒಂದೇ, ಹಾಲೂ ಹಾಳೂ ಒಂದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಮೆಸೇಜಿಗೂ ಸಲ್ಲುತ್ತದೆ.

ಕಲಿಯುವುದು ಕಷ್ಟವಲ್ಲ. ಆಂಡ್ರಾಯ್ಡ್ ಫೋನಾದರೆ ಜಿಬೋರ್ಡಿನ ಸೆಟ್ಟಿಂಗ್ಸಿಗೆ ಹೋಗಿ ಭಾಷೆಗಳಲ್ಲಿ ಕನ್ನಡ ಸೇರಿಸಿ. ಆಮೇಲೆ ಸ್ಪೇಸ್ ಗುಂಡಿಯನ್ನು ಒತ್ತಿ ಹಿಡಿದರೆ ಭಾಷೆ ಬದಲಿಸಬಹುದು. ಗುಂಡಿ ಹುಡುಕಲು ಬೇಸರವಾದರೆ ಬೆರಳಿನಲ್ಲೇ ಬರೆಯುವ ಕೀಲಿಮಣೆಯನ್ನು ಆರಿಸಿಕೊಳ್ಳಿ, ಸ್ಲೇಟಿನ ಮೇಲೆ ಬರೆದ ಹಾಗೆ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ನಮ್ಮ ಜಿಲ್ಲೆಯವರೇ ದಾರಿ ಮಾಡಿಕೊಟ್ಟಿದ್ದಾರೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಎನ್ನಿಗೆ ನ, ಶಿಫ್ಟಿನ ಜೊತೆ ಣ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಎಂಟು ದಿನ ದಿನಕ್ಕೆ ಹತ್ತು ಸಾಲು ಬರೆಯಿರಿ. ಹಾಡುತ್ತ ಹಾಡುತ್ತ ರಾಗವಲ್ಲವೇ?

ಮೈಕಿನಲ್ಲಿ ಮಾತಾಡಿ ಬರೆಸುವವರು ಒಮ್ಮೆ ಓದಿ ನೋಡದೆ ಕಳಿಸಲೇಬೇಡಿ. ಅವಸರವೇ ಅಪಘಾತಕ್ಕೆ ಕಾರಣ. ಅರ್ಧ ತುಳು ಸೇರಿದ ನಮ್ಮ ಮಾತು ಯಂತ್ರಕ್ಕೆ ಹೇಗೆ ಕೇಳಿಸೀತು ಹೇಳಿ!

ಇನ್ನೊಂದು ಕೆಟ್ಟ ಅಭ್ಯಾಸವಿದೆ, ಬಿಡಿಸಲೇಬೇಕು. "ನಾಳೆ ಪೂಜೆ, ಎಲ್ಲರೂ ಬನ್ನಿ" ಎಂದು ಹಾಕುತ್ತೀರಿ. ನೆಟ್‌ವರ್ಕ್ ಸಿಗದವರು ಅದನ್ನು ಪೂಜೆಯ ದಿನ ಓದಿ ಮರುದಿನ ಬಂದರೆ ತಪ್ಪು ಯಾರದ್ದು? ವಾರ, ತಾರೀಕು, ಹೊತ್ತು ಮೂರನ್ನೂ ಬರೆಯಿರಿ. ಲೆಕ್ಕವನ್ನೂ ಪೂರ್ತಿ ಬರೆಯಿರಿ. ಕೊಳೆಗೆ ಬಿಡುವ ಬೋರ್ಡೋ ಮದ್ದಿಗೆ "ಒಂದೊಂದು" ತರಲು ಹೇಳಿದರೆ ಅಂಗಡಿಗೆ ಹೋದ ಹುಡುಗನಿಗೆ ಏನು ತಿಳಿಯಬೇಕು? 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ ಎಂದೇ ಬರೆಯಿರಿ. ಯಾರಾದರೂ ತೀರಿಕೊಂಡರೆ ಮೂರು ಇಂಗ್ಲಿಷ್ ಅಕ್ಷರ ಒತ್ತಿ ಕೈತೊಳೆದುಕೊಳ್ಳಬೇಡಿ. "ಸುದ್ದಿ ತಿಳಿದು ತುಂಬ ಬೇಸರವಾಯಿತು, ಆದಿತ್ಯವಾರ ಮನೆಗೆ ಬರುತ್ತೇವೆ" ಎಂದರೆ ಆ ಮನೆಯವರಿಗೆ ಅಷ್ಟೇ ಆಸರೆ.

ಮನೆಮಾತು ತುಳುವೋ ಅರೆಭಾಷೆಯೋ ಆದವರು ಹಿಂಜರಿಯಬೇಕಾಗಿಲ್ಲ. ತುಳು ಮನೆಮಾತಿನ ಕೆದಂಬಾಡಿ ಜತ್ತಪ್ಪ ರೈಗಳು 'ಬೇಟೆಯ ನೆನಪುಗಳು' ಬರೆದದ್ದು ಕನ್ನಡದಲ್ಲಿ. ನೀವು ಬರೆಯಬೇಕಾದ್ದು ಎರಡು ಸಾಲು. ಅದನ್ನು ತುಳುವಿನಲ್ಲೇ ಬರೆಯುವ ಮನಸ್ಸಿದ್ದರೂ ನಮ್ಮ ಕನ್ನಡ ಲಿಪಿ ಸಾಕು. ಬೇಕಾದಲ್ಲಿ ಕೊನೆಯ ಅಕ್ಷರವನ್ನು ಅರ್ಧ ಮಾಡುವುದು ಮರೆಯಬಾರದು, ಅಷ್ಟೇ. ಇವತ್ತು ರಾತ್ರಿಯೇ ನಿಮ್ಮ ಸೋದರತ್ತೆಗೆ "ಒಣಸ್ ಆಂಡಾ?" (ಊಟ ಆಯಿತಾ?) ಎಂದು ಕಳಿಸಿ ನೋಡಿ.